ಹಿತ್ತಿಲ ಬಾಗಿಲ ಕ್ಯಾಮೆರಾ

ಎದುರು ಮನೆಯವರ ಬೋರಿನ ಕೇಬಲ್ಲನ್ನು ಯಾರೋ ಹಾಡಹಗಲೇ ಕತ್ತರಿಸಿಕೊಂಡು ಹೋದದ್ದೇ ನೆಪವಾಯಿತು. ಮನೆಗೆ ಇಂಟರ್ನೆಟ್ ಹಾಕಿಸಿ ಹೊರಗೆ ಮೂರು ಕ್ಯಾಮೆರಾ ಕೂರಿಸುವುದಾಗಿ ನಮ್ಮ ಮಾವ ಚಂದ್ರಣ್ಣ ಅಂದೇ ಊಟದ ಹೊತ್ತಿಗೆ ಸಾರಿದರು. ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷದಿಂದ ದಲ್ಲಾಳಿ ಅಂಗಡಿ ನಡೆಸುವ ಮನುಷ್ಯ. ಹೇಳಿದರೆ ಮುಗಿಯಿತು, ಎದುರಾಡುವವರಿಲ್ಲ. ನನಗೆ ಕ್ಯಾಮೆರಾ ಮೇಲೆ ಹಗೆಯೇನಿಲ್ಲ. ಗೇಟಿಗೊಂದು, ಮುಂಬಾಗಿಲಿಗೊಂದು ಧಾರಾಳವಾಗಿ ಹಾಕಿಕೊಳ್ಳಲಿ. ಮೂರನೆಯದು ಹಿತ್ತಿಲ ಬಾಗಿಲಿಗೆ ಎಂದಾಗ ಮಾತ್ರ ನನ್ನ ಕೈಯ ಸೌಟು ಅಲ್ಲೇ ನಿಂತಿತು. ಅತ್ತೆ ಮಹಾಂತಮ್ಮ ನನ್ನ ಮುಖ ನೋಡಿದರು. ನಾನು ಅವರ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಅಲ್ಲೇ ಸಿಕ್ಕಿಬೀಳುತ್ತಿದ್ದೆವು.

ಕಾರಣ ಹೇಳಿಬಿಡುತ್ತೇನೆ. ಪ್ರತಿ ಸೋಮವಾರ ಹನ್ನೊಂದು ಗಂಟೆಗೆ, ಮಾವ ಮತ್ತು ನನ್ನ ಗಂಡ ಉದಯಕುಮಾರ್ ಅಂಗಡಿಯಲ್ಲಿರುವಾಗ, ಪೆದ್ದಕಡುಬೂರಿನಿಂದ ತ್ರಿವೇಣಿ ಬರುತ್ತಾಳೆ. ಈ ಮನೆಯ ಮಗಳು, ನನ್ನ ಗಂಡನ ತಂಗಿ. ನಾಲ್ಕು ವರ್ಷದ ಹಿಂದೆ ಪಶು ಆಸ್ಪತ್ರೆಯ ಕಂಪೌಂಡರ್ ಶಿವಕೃಷ್ಣನನ್ನು ಮದುವೆಯಾದಳು. ಒಳ್ಳೆಯ ಹುಡುಗ. ಆದರೆ ಕುರಿ ಸಾಕುವವರ ಮನೆಯವನು, ಕೊರಳಿಗೆ ಲಿಂಗ ಕಟ್ಟದ ಮನೆಯವನು. ನನ್ನ ಹೊಸ್ತಿಲು ತುಳಿಯಬೇಡ ಎಂದು ಮಾವ ಅಂದರು. ಆಕೆಯೂ ಅವರ ಮಗಳೇ, ಅಂದಿನಿಂದ ತುಳಿಯಲಿಲ್ಲ. ಹಿತ್ತಿಲ ಬಾಗಿಲ ಆಚೆ, ಬಿಸಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಾಳೆ. ಮೂರು ವರ್ಷದ ಮಗಳು ಹಾರಿಕಾಳನ್ನೂ ಒಳಗೆ ಬಿಡುವುದಿಲ್ಲ. ಅತ್ತೆ ಹೊಸ್ತಿಲ ಈಚೆ ಕೂತು ಮೊಮ್ಮಗಳಿಗೆ ಮಂಡಕ್ಕಿಯ ಉಗ್ಗಾಣಿ ತಿನ್ನಿಸುತ್ತಾರೆ. ಮಧ್ಯಾಹ್ನ ಒಂದು ಗಂಟೆಯಾದರೆ ಬಸ್ಸಿಗೆ ಹೊತ್ತಾಯಿತು ಎಂದು ತಾಯಿ ಮಗಳು ಹೊರಟುಬಿಡುತ್ತಾರೆ. ವಾರದ ಉಳಿದ ಆರು ದಿನ ಅತ್ತೆ ಬದುಕುವುದು ಈ ಎರಡು ಗಂಟೆಗಾಗಿ. ಮಾವನಿಗೆ ತಿಳಿದರೆ ಅದೂ ಹೋಯಿತು.

ನನ್ನ ಗಂಡನಿಗೆ ಎಲ್ಲ ಗೊತ್ತು. ಗೊತ್ತಿಲ್ಲದವರ ಹಾಗೆ ಇರುತ್ತಾರೆ, ಆ ವಿದ್ಯೆಯಲ್ಲಿ ಅವರು ಪಳಗಿದವರು. ಹಿತ್ತಿಲ ಕ್ಯಾಮೆರಾವನ್ನು ನಿಮ್ಮ ಫೋನಿಗಷ್ಟೇ ಹಾಕಿಸಿಕೊಳ್ಳಿ ಎಂದು ಬೇಡಿಕೊಂಡೆ.

"ಅಪ್ಪ ತನ್ನ ಫೋನಿಗೆ ಮಾತ್ರ ಹಾಕು ಅಂದಾನ. ನಾ ಏನ್ ಮಾಡ್ಲಿ?" ಅಂದವರು ಹೊದ್ದುಕೊಂಡು ಮಲಗಿದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಹೊದಿಕೆ ಕಿತ್ತುಕೊಂಡು ಹೊರಗೆ ಹೋಗಿ ಕೂತೆ.

ಗುರುವಾರ ಲಕ್ಷ್ಮಿಕಾಂತ್ ಎಂಬವನು ಏಣಿ, ವೈರು ಎಲ್ಲ ಹೊತ್ತು ಬಂದ. ಪಡಸಾಲೆಯಲ್ಲಿ ವೈಫೈ ಡಬ್ಬಿ ಕೂರಿಸಿದ. ನಮ್ಮದು ಹಳೆಯ ಕಾಲದ ಕಲ್ಲಿನ ಗೋಡೆಗಳ ಮನೆ, ಹಿತ್ತಿಲಿಗೆ ಸಿಗ್ನಲ್ ಹೋಗಲಿಲ್ಲ. ನನ್ನ ಜೀವ ಅರ್ಧ ಬಂತು.

"ಹಂಗಾದ್ರ ಹಿತ್ತಲದ್ದು ಬಿಟ್ಟುಬಿಡಣ್ಣಾ. ಅಲ್ಲಿ ಕಳ್ಳರಿಗೆ ಬೇಕಾದಂಥದ್ದು ಏನೈತಿ?" ಅಂದೆ.

"ಅದಕ್ಯಾಕ ಚಿಂತಿ ಮಾಡ್ತೀರಮ್ಮಾ, ಅಡಗಿಮನ್ಯಾಗ ಇನ್ನೊಂದು ಡಬ್ಬಿ ಹಾಕ್ತೀನಿ" ಎಂದು ನಕ್ಕ. ಕೆಲಸ ಬಲ್ಲವರೆಂದರೆ ನನಗೆ ಗೌರವವಿದೆ, ಆ ದಿನ ಮಾತ್ರ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಮಾವನ ಫೋನು ಹಿಡಿದು ಪಾಠ ಹೇಳಿದ. "ಈ ಮೈಕಿನ ಗುರುತು ಐತಲ್ರಿ, ಇದನ್ನ ಒತ್ತಿ ಹಿಡೀರಿ. ನೀವು ಅಂಗಡ್ಯಾಗ ಕುಂತು ಮಾತಾಡಿದ್ದು ಇಲ್ಲಿ ಕೇಳಸ್ತೈತಿ." ಮಾವ ಬೀದಿಗೆ ಹೋಗಿ ಒತ್ತಿ ಹಿಡಿದರು. ಹಿತ್ತಿಲ ಬಾಗಿಲ ಮೇಲಿನಿಂದ "ಮಹಾಂತಮ್ಮಾ!" ಎಂದು ಅವರದೇ ಗಡಸು ದನಿ ಬಂತು. ಅತ್ತೆ ಕೈಯಲ್ಲಿದ್ದ ಮೊರದ ಶೇಂಗಾವನ್ನೆಲ್ಲ ಚೆಲ್ಲಿ, "ಅಯ್ಯೋ ಶಿವನೇ, ಇದಕ್ಕ ಬಾಯೂ ಐತಿ!" ಅಂದರು.

ಶುಕ್ರವಾರದಿಂದ ಭಾನುವಾರದವರೆಗೆ ನಾನು ಕೂತಲ್ಲಿ ಕೂರಲಿಲ್ಲ. ಬರಬೇಡ ಎಂದು ತ್ರಿವೇಣಿಗೆ ಫೋನ್ ಮಾಡೋಣವೆಂದರೆ ಅತ್ತೆ ಒಪ್ಪಲಿಲ್ಲ. "ಬ್ಯಾಡ ಅಂತ ಆಕಿಗೆ ಒಂದ್ಸಲ ಈ ಮನಿ ಹೇಳೈತಿ. ಎಲ್ಡನೇ ಸಲ ನಾ ಹೇಳಂಗಿಲ್ಲ" ಅಂದರು. ಹಿತ್ತಿಲಿಗೆ ಹೋಗಿ ಆ ಬಿಳಿ ಡಬ್ಬಿಯನ್ನು ನೋಡುವುದು, ಒಳಗೆ ಬರುವುದು, ಮತ್ತೆ ಹೋಗುವುದು, ಇದೇ ನನ್ನ ಕೆಲಸವಾಯಿತು. ಒಮ್ಮೆ ಅದಕ್ಕೆ ನಾಲಗೆ ಚಾಚಿಬಿಟ್ಟೆ. ಆಮೇಲೆ ಮಾವ ನೋಡಿರಬಹುದೆಂದು ಹೆದರಿ ಊಟ ಸೇರಲಿಲ್ಲ.

ಸೋಮವಾರ ಹತ್ತೂವರೆಗೆ ವೈಫೈ ಡಬ್ಬಿಯ ಸ್ವಿಚ್ಚು ಆರಿಸಿದೆ. ಐದು ನಿಮಿಷವಾಗಿರಲಿಲ್ಲ, ಮಾವನ ಫೋನು. "ಚೇತನಾ, ನೆಟ್ ಹೋಗೈತೇನು? ನೋಡವಾ ಸ್ವಲ್ಪ." ಮಾರ್ಕೆಟ್ಟಿನಲ್ಲಿ ಹತ್ತಿ ಹರಾಜಾಗುವ ಹೊತ್ತಿನಲ್ಲಿ ಈ ಮನುಷ್ಯ ಮನೆಯ ಹಿತ್ತಿಲು ನೋಡುತ್ತ ಕೂತಿದ್ದಾರೆ! ಮತ್ತೆ ಸ್ವಿಚ್ಚು ಹಾಕಿದೆ. ಇನ್ನೇನು ತ್ರಿವೇಣಿ ಬರುವ ಹೊತ್ತು.

ಓಡಿಹೋಗಿ ನೋಡಿದರೆ ಅತ್ತೆ ಹಿತ್ತಿಲ ಬಾಗಿಲಲ್ಲಿ ಸ್ಟೂಲಿನ ಮೇಲೆ ನಿಂತಿದ್ದರು, ಕೈಯಲ್ಲಿ ವಿಭೂತಿ ಬಟ್ಟಲು. ಸೋಮವಾರ ಪೂಜೆಯಾದ ಮೇಲೆ ನಮ್ಮತ್ತೆ ವಿಭೂತಿ ಹಚ್ಚದ ವಸ್ತು ಈ ಮನೆಯಲ್ಲಿಲ್ಲ. ಬಾಗಿಲು, ಒರಳು, ತಿಜೋರಿ, ಮಿಕ್ಸಿ, ಮಾವನ ಸ್ಕೂಟರು, ಎಲ್ಲಕ್ಕೂ ಮೂರು ಬೆರಳು. ಮನೆಗೆ ಹೊಸದಾಗಿ ಬಂದದ್ದನ್ನು ಬಿಡುತ್ತಾರೆಯೇ? ಗೇಟಿನದೂ ಮುಂಬಾಗಿಲಿನದೂ ಕೈಗೆ ಎಟುಕಿರಲಿಲ್ಲ. ಇದು ಎಟುಕಿತ್ತು. ಡಬ್ಬಿಗೆ ಹಣೆ ಯಾವುದೆಂದು ತಿಳಿಯದೆ, ಆ ಕರಿಗಣ್ಣಿನ ಮೇಲೇ ನೀರಲ್ಲಿ ಕಲಸಿದ ವಿಭೂತಿಯನ್ನು ದಪ್ಪಗೆ ಎಳೆದಿದ್ದರು.

"ಅತ್ತೀ, ಕಣ್ಣೇ ಮುಚ್ಚಿದ್ರಲ್ಲ!" ಅಂದೆ.

ಅತ್ತೆ ಗಾಬರಿಯಿಂದ ಒರೆಸಲು ಸೆರಗು ಎತ್ತಿದರು. ನಾನು ಹಾರಿ ಅವರ ಕೈ ಹಿಡಿದುಕೊಂಡೆ. ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಅಷ್ಟರಲ್ಲಿ ಹಿತ್ತಿಲ ಗೇಟಿನ ಚಿಲಕ ಸದ್ದಾಯಿತು.

ಸಂಜೆ ಮಾವ ಬಂದು ಕಾಲು ತೊಳೆಯುತ್ತ ಕೇಳಿದರು, "ಹಿತ್ತಲ ಕ್ಯಾಮೆರಾ ಬೆಳ್ಳಗ ಕಾಣ್ತೈತಲ್ಲ, ಯಾಕ?"

"ಸೋಮವಾರ ಅಲ್ಲೇನ್ರಿ, ವಿಭೂತಿ ಹಚ್ಚೀನಿ" ಅಂದರು ಅತ್ತೆ.

ಮಾವ ಬಹಳ ಹೊತ್ತು ಕಾಲು ತೊಳೆದರು. ಆಮೇಲೆ, "ಹಚ್ಚಿದ್ದು ಅವತ್ತೇ ಒರಸಬಾರದು. ಮಂಗಳವಾರ ಮುಂಜಾನಿ ಒರಸ್ರಿ" ಎಂದು ಒಳಗೆ ಹೋದರು. ಅವರ ಶಿವಭಕ್ತಿಗೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ.

ಹೀಗೆ ನಾಲ್ಕು ಸೋಮವಾರ ಕಳೆದವು. ನನಗಂತೂ ನೆಮ್ಮದಿಯಿರಲಿಲ್ಲ. ವಿಭೂತಿ ಒಣಗಿ ಉದುರಿದರೆ? ಗಾಳಿ ಬೀಸಿದರೆ? ಮಾತಿನ ನಡುವೆ ನಾಲ್ಕು ಸಲ ಎದ್ದು ಸ್ಟೂಲು ಹತ್ತಿ ನೋಡುತ್ತಿದ್ದೆ. "ಕುಂದ್ರು ವದಿನಾ, ಪರವಾಲೇದು. ಕಂಡ್ರ ಕಂಡೀತು" ಎಂದು ತ್ರಿವೇಣಿ ಅರ್ಧ ತೆಲುಗಿನಲ್ಲಿ ಅತ್ತಿಗೆಗೆ ಧೈರ್ಯ ಹೇಳಿ ನಗುತ್ತಿದ್ದಳು. ನಾನು ಸಿಟ್ಟಿನಲ್ಲಿ ಮಾವನ ನಡಿಗೆ, ಗತ್ತು, ಕೆಮ್ಮಿ ಒಳಗೆ ಬರುವ ರೀತಿ ಎಲ್ಲ ಅಣಕಿಸಿ ತೋರಿಸುತ್ತಿದ್ದೆ. ಹಾರಿಕಾ ಚಪ್ಪಾಳೆ ತಟ್ಟಿ, "ತಾತ! ಇನ್ನೊಂದ್ಸಲ ತಾತ!" ಅನ್ನುತ್ತಿದ್ದಳು. ತಾತನೆಂದರೆ ಅತ್ತೆಮ್ಮನಾದ ನಾನು ಮಾಡುವ ಆಟ ಎಂದೇ ಆ ಮಗು ತಿಳಿದಿತ್ತು.

ಐದನೆಯ ವಾರ ಲಕ್ಷ್ಮಿಕಾಂತ್ ಮತ್ತೆ ಏಣಿ ಹೊತ್ತು ಬಂದ. ಹಿತ್ತಿಲ ಕ್ಯಾಮೆರಾವನ್ನು ಕೆಳಗಿಳಿಸಿ, ಬಾಗಿಲ ಪಕ್ಕಕ್ಕೆ, ಒಗೆಯುವ ಕಲ್ಲಿನ ಹತ್ತಿರ ಕೂರಿಸಬೇಕಂತೆ.

"ಯಾಕಂತ?" ನಾನು ಏಣಿಗೆ ಅಡ್ಡ ನಿಂತೆ.

"ದೂರ ಆತು ಅಂದ್ರು ಹಿರಿಯರು. ಹತ್ತರ ಹಾಕು ಅಂದ್ರು, ಹಾಕ್ತೀನಿ."

ಕಲ್ಲಿನ ಹತ್ತಿರ! ನೇರವಾಗಿ ಆಕೆ ಕೂರುವ ಜಾಗಕ್ಕೆ ಗುರಿಯಿಟ್ಟಿದ್ದಾರೆ. ಅತ್ತೆ ದೇವರ ಕೋಣೆಗೆ ಹೋಗಿ ಕೂತರು. ಆ ಸೋಮವಾರವೂ ವಿಭೂತಿ ಹಚ್ಚಿದೆವು, ತ್ರಿವೇಣಿ ಬಂದಳು, ಆದರೆ ಯಾರಿಗೂ ಮಾತು ಸರಿಯಾಗಿ ಹೊರಡಲಿಲ್ಲ. ಹಾರಿಕಾ ಉಗ್ಗಾಣಿ ತಿನ್ನದೆ ಕೆಮ್ಮುತ್ತ ತಾಯಿಯ ತೊಡೆಯ ಮೇಲೇ ಮಲಗಿದ್ದಳು.

ಅಂದು ರಾತ್ರಿ ಊಟಕ್ಕೆ ಕೂತ ಮಾವ ರೊಟ್ಟಿ ಮುರಿಯುತ್ತ, ತಟ್ಟೆಗೆ ಹೇಳುವವರ ಹಾಗೆ ಹೇಳಿದರು: "ಮೂರು ವಾರ ಆತು, ಆ ಕೆಮ್ಮು ಹೋಗವಲ್ದು. ಎದ್ಯಾಗ ಗೊರಗೊರ ಅಂತೈತಿ. ಮನಿಮದ್ದು ಸಾಕು ಮಾಡಿ ಡಾಕ್ಟರಿಗೆ ತೋರಸ್ರಿ."

ಮನೆಯಲ್ಲಿ ಯಾರಿಗೂ ಕೆಮ್ಮಿರಲಿಲ್ಲ. ಅತ್ತೆಯ ಕೈಯ ತುಪ್ಪದ ಗಿಂಡಿ ಓರೆಯಾಗಿ ತುಪ್ಪ ನೆಲಕ್ಕೆ ಹರಿಯಿತು. ಮಾವ ತಲೆ ಎತ್ತದೆ ಉಂಡು, ಕೈ ತೊಳೆದು, ಹೊರಗೆ ಹೋದರು.

ನಾನು ಗಂಡನ ತೋಳು ಹಿಡಿದೆ. "ಆ ಕ್ಯಾಮೆರಾಕ್ಕ ಕೇಳಸ್ತೈತೇನ್ರಿ?"

"ಕೇಳಸ್ದಂಗ ಇರ್ತದೇನು? ಮೈಕ್ ಐತಲ್ಲ" ಅಂದರು. ಆಮೇಲೆ ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿ ಹೇಳಿದರು: "ಸೋಮವಾರ ಹನ್ನೊಂದಕ್ಕ ಅಪ್ಪ ಅಂಗಡಿ ಗದ್ದುಗಿ ಬಿಟ್ಟು ಗೋದಾಮಿನ್ಯಾಗ ಹೋಗಿ ಕುಂದ್ರತಾನ. ಫೋನ್ ಕಿವಿಗೆ ಹಚ್ಚಿಕೊಂಡು. ಯಾರನ್ನೂ ಹತ್ತರ ಬಿಡಂಗಿಲ್ಲ."

ಅದು ಮಾತಾಡುವುದನ್ನು ಕಂಡಿದ್ದೆವು. ಕೇಳಿಸಿಕೊಳ್ಳುತ್ತದೆಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾಲ್ಕು ವಾರ ನಾನು ಆಡಿದ ಅಣಕವೆಲ್ಲ ನೆನಪಾಗಿ ಮೈ ಬಿಸಿಯಾಯಿತು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ಕರೆಯಲು ಬಾಯಿ ಬರುವುದಿಲ್ಲ, ಕದ್ದು ಕೇಳಲು ಕಿವಿ ಬರುತ್ತದೆ! ಅತ್ತೆ ಮಾತ್ರ ನೆಲದ ತುಪ್ಪ ಒರೆಸುತ್ತ ಅಳುತ್ತಿದ್ದರು, ಅಳುತ್ತಲೇ ನಗುತ್ತಿದ್ದರು.

ಮುಂದಿನ ಸೋಮವಾರ ಅತ್ತೆ ಬಟ್ಟಲು ಹಿಡಿದು ಎಂದಿನಂತೆ ಎಲ್ಲಕ್ಕೂ ವಿಭೂತಿ ಹಚ್ಚಿ ಹಿತ್ತಿಲಿಗೆ ಬಂದರು. ಕ್ಯಾಮೆರಾ ಮುಂದೆ ನಿಂತರು. ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಸೆರಗಿನ ತುದಿಯಿಂದ ಆ ಗಾಜನ್ನು ಚೆನ್ನಾಗಿ ಒರೆಸಿದರು.

ತ್ರಿವೇಣಿ ಬಂದಾಗ ಹನ್ನೊಂದೂ ಕಾಲು. ಗಾಜು ಹೊಳೆಯುವುದನ್ನು ಕಂಡು ಗೇಟಿನಲ್ಲೇ ನಿಂತಳು. ಮಗುವನ್ನು ಡಾಕ್ಟರಿಗೆ ತೋರಿಸು ಎಂದಷ್ಟೇ ಫೋನಿನಲ್ಲಿ ಹೇಳಿದ್ದೆವು, ಅಂದದ್ದು ಯಾರೆಂದು ಹೇಳಿರಲಿಲ್ಲ. ಈಗ ನಾನು ಎಲ್ಲ ಹೇಳಿದೆ. ಆಕೆಯ ಮುಖ ಕೆಂಪಾಯಿತು, ಆದರೆ ತಿರುಗಿ ಹೋಗಲಿಲ್ಲ. ಅತ್ತೆ ನಾಲ್ಕು ವರ್ಷದಲ್ಲಿ ಮೊದಲ ಸಲ, ಮಗಳು ಬಂದಿರುವಾಗ ಹೊಸ್ತಿಲು ದಾಟಿ ಹೊರಗೆ ಬಂದು, ಮೊಮ್ಮಗಳನ್ನು ಎತ್ತಿ ಕ್ಯಾಮೆರಾ ಮುಂದೆ ಹಿಡಿದರು.

"ನೋಡ್ರಿ. ಡಾಕ್ಟರಿಗೆ ತೋರಿಸ್ಯಾಳ. ಕೆಮ್ಮು ಕಡಿಮಿ ಆಗೈತಿ."

ಹಾರಿಕಾ ಗಾಜಿನೊಳಗೆ ಇಣುಕಿದಳು. ಆಗ ಒಳಗಿನಿಂದ ಗರಗರ ಸದ್ದು, ಆಮೇಲೆ ಮಾವನ ದನಿ. ಗಡಸು ಎಲ್ಲಿ ಹೋಗಿತ್ತೋ.

"ಬಿಸಿಲು ಭಾಳ ಐತಿ. ಮಗೂನ್ನ ಹೊರಗ ನಿಲ್ಲಸಬ್ಯಾಡ್ರಿ. ಒಳಗ ಕರಕೋರಿ."

ಅತ್ತೆ ಮಗಳ ಕೈ ಹಿಡಿದು ಬಾಗಿಲ ಕಡೆ ಎಳೆದರು. ತ್ರಿವೇಣಿ ಕದಲಲಿಲ್ಲ. ಕ್ಯಾಮೆರಾದ ಹತ್ತಿರ ಮುಖ ತಂದು ಹೇಳಿದಳು: "ಹೊಸ್ತಿಲು ತುಳಿಬ್ಯಾಡ ಅಂದಾಗ ನನ್ನ ಎದುರಿಗೆ ನಿಂತು ಅಂದಿದ್ದೀಯಪ್ಪಾ. ಡಬ್ಬಿಯೊಳಗಿಂದ ಕರದ್ರ ನಾ ಬರಂಗಿಲ್ಲ."

ನನಗೆ ಆಕೆಯ ಬೆನ್ನಿಗೊಂದು ಗುದ್ದು ಕೊಡೋಣ ಅನ್ನಿಸಿತು, ಅಪ್ಪಿಕೊಳ್ಳೋಣ ಎಂದೂ ಅನ್ನಿಸಿತು. ಡಬ್ಬಿಯಿಂದ ಏನೂ ಬರಲಿಲ್ಲ. ಮುಗಿಯಿತು, ಎಲ್ಲ ಕೆಟ್ಟಿತು ಅಂದುಕೊಂಡೆ. ಬಿಸಿಲಿನಲ್ಲಿ ನಾವು ನಾಲ್ವರೂ ಆ ಬಿಳಿ ಡಬ್ಬಿಯನ್ನು ನೋಡುತ್ತ ನಿಂತಿದ್ದೆವು.

ಮತ್ತೆ ಗರಗರ ಸದ್ದು. ಮೈಕಿನ ಗುರುತನ್ನು ಒತ್ತಿ ಹಿಡಿದಿದ್ದಾರೆ, ಮಾತು ಹೊರಡುತ್ತಿಲ್ಲ. ದೂರದಲ್ಲಿ ಹಮಾಲರ ಕೂಗು, ಗಾಡಿಗಳ ಹಾರ್ನು, ಹತ್ತಿರದಲ್ಲಿ ಮುದುಕನ ಉಸಿರು. ಆಮೇಲೆ, ನಮಗಲ್ಲ, ಗೋದಾಮಿನ ಬಾಗಿಲಾಚೆ ಇದ್ದವರಿಗೆ ಕೂಗಿ ಹೇಳಿದ ಮಾತು ಕೇಳಿಸಿತು.

"ಉದಯಾ, ಅಂಗಡಿ ಬಾಗಿಲು ಹಾಕು. ಗಾಡಿ ತಗಿ."