ಹೊರಗ ಉದ್ದ, ಒಳಗ ಅಡ್ಡ

“ನೀರು ಹಾಕಬ್ಯಾಡ್ರಿ ದೊಡ್ಡಪ್ಪ!”

ದಾನೇಶ್ವರಿ ಓಡಿಬಂದು ಬಕೆಟ್ ಹಿಡಿದಳು. ಅಷ್ಟರಲ್ಲಿ ಅರ್ಧ ನೀರು ಶವದ ಗಾಡಿಯ ಗಾಜಿಗೆ ಬಿದ್ದಾಗಿತ್ತು. ಸೇಡಂನಿಂದ ಕೋಡ್ಲಾಕ್ಕೆ ಬರುವಷ್ಟರಲ್ಲಿ ಅಂಟಿದ್ದ ಸಿಮೆಂಟಿನ ಧೂಳು ಬೂದು ಗೆರೆಗಳಾಗಿ ಇಳಿಯತೊಡಗಿತು. ಒಳಗೆ, ಮಣ್ಣು ಮಾಡುವ ಪದ್ಧತಿಯಂತೆ ಕುರ್ಚಿಯಲ್ಲಿ ಕೂಡಿಸಿದ್ದ ಅಪ್ಪ ಗೊಲ್ಲಾಳಪ್ಪನ ಮುಖ ಮುಚ್ಚಿಹೋಯಿತು.

ದೊಡ್ಡಪ್ಪ ಬಸವಂತರಾಯ ಮನೆತನಕ್ಕೆ ಹಿರಿಯ. ಕೆಲಸ ಹೇಳಿ ರೂಢಿ, ಮಾಡಿ ರೂಢಿಯಿಲ್ಲ.

“ಹೊಲಸಾಗಿತ್ತು, ತೊಳದೆ. ತಪ್ಪೇನು?”

“ಧೂಳ ಮೊದಲ ಒಣಾದೇ ಝಾಡಸಬೇಕ್ರಿ. ನೀರ ಬಿತ್ತಂದ್ರ ಗಚ್ಚ ಆಗ್ತದ.”

“ಆಗ್ಲಿ ಬಿಡು. ಹೊತ್ತ ಇಳೀಲಿಕತ್ತದ. ಹೆಣ್ಮಕ್ಕಳು ಅಗಸಿ ತನಕ ಬಂದು ತಿರುಗ್ರಿ.”

ಬೆಳಗಿನಿಂದ ಆಕೆ ಹೆದರಿದ್ದು ಇದೇ ಮಾತಿಗೆ.

*

ಗಂಡನ ಮನೆ ಬಿಟ್ಟು ಬಂದ ಮಗಳಿಗೆ ಊರು ನೂರು ಮಾತು ಆಡಿದಾಗ ಗೊಲ್ಲಾಳಪ್ಪ ಒಂದೂ ಆಡಲಿಲ್ಲ. ಕಾರ್ಖಾನೆಯ ಹಾದಿಯಲ್ಲಿ ಅವನು ಗಾಡಿ ತೊಳೆಯುತ್ತಿದ್ದ ತಗಡಿನ ನೆರಳಿಗೆ ಕರೆದೊಯ್ದು ಕೈಗೆ ಅರಿವೆ ಕೊಟ್ಟ.

“ಹೊರಗ ಉದ್ದ ಒರಸು. ಒಳಗ ಅಡ್ಡ ಒರಸು.”

“ಯಾಕಪ್ಪ?”

“ಗೆರಿ ಉಳಿತಂದ್ರ ಯಾವ ಬಾಜೂದ್ದು ಅಂತ ತಿಳೀಬೇಕಲ್ಲ. ಇಲ್ಲಂದ್ರ ಒಳಗಿನ ಹೊಲಸಿಗೆ ಹೊರಗ ತಿಕ್ಕೋತ ಕುಂದರ್ತಿ, ನಮ್ಮ ಮಂದಿ ಹಂಗ.”

ಅಜ್ಜಿ ತೀರಿಕೊಂಡಾಗ, ಹೆಂಗಸರು ಸುಡುಗಾಡಿಗೆ ಬರಬಾರದೆಂದು ದಾನೇಶ್ವರಿಯನ್ನು ಊರಬಾಗಿಲ ಅಗಸಿಯಿಂದ ವಾಪಸು ಕಳಿಸಿದ್ದರು. ಅಪ್ಪ ಅಂದು ತಲೆ ತಗ್ಗಿಸಿ ಮುಂದೆ ನಡೆದಿದ್ದ. ಮರುದಿನ ಜೀಪಿನ ಗಾಜು ಉಜ್ಜುತ್ತ, ಅವಳತ್ತ ನೋಡದೆಯೇ ಹೇಳಿದ:

“ನನ್ನ ಮಣ್ಣಿಗಿ ನೀ ಬಾ. ಇಷ್ಟು ವರ್ಷ ಕೂಡಿ ಧೂಳ ತೆಗದೀವಿ. ಕಡೀಕ ಒಂದು ಹಿಡಿ ಮಣ್ಣ ನೀನೇ ಹಾಕು.”

ನಗೆಯ ಮಾತಲ್ಲ ಅದು. ಅವಳು ಹೂಂ ಅಂದಿದ್ದಳು.

*

ಗಚ್ಚು ಹಿಡಿಯುವ ಮೊದಲೇ ದಾನೇಶ್ವರಿ ಧಾರಾಳ ನೀರು ಸುರಿದು ಆ ಬದಿ ತೊಳೆದಳು. ಉಳಿದ ಬದಿಗಳನ್ನು ಮೆತ್ತನೆ ಬ್ರಶ್ಶಿನಿಂದ ಝಾಡಿಸಿ, ಹಿಂಡಿದ ಅರಿವೆಯಿಂದ ಒರೆಸಿ, ರದ್ದಿ ಪೇಪರಿನಿಂದ ಮೇಲಿಂದ ಕೆಳಗೆ ಉಜ್ಜಿದಳು. ಸೂತಕದ ಹುಡುಗಿಗೆ ಇದೇನು ಎಂದು ಯಾರೋ ಗೊಣಗಿದರು. ಆಕೆ ಕಿವಿಗೊಡಲಿಲ್ಲ.

ಗಾಡಿಯ ಡ್ರೈವರ್ ಅಬ್ದುಲ್ ಕರೀಮ್ ಬಳಿ ಬಂದು ನಿಂತ. “ಈ ಕಡಿ ಬಂದಾಗೆಲ್ಲ ನಿಮ್ಮಪ್ಪನ ಕಡಿಂದಾನೇ ತೊಳಸ್ಕೊಂಡು ಹೋಗ್ತಿದ್ದೆ, ಬೇಟಿ. ಇವತ್ತ ತೊಳೆಯೋರು ಯಾರ್ ಅದಾರಂತ ಹಂಗೇ ತಂದೆ.”

ಅವಳು ಅರಿವೆ ಮತ್ತೊಮ್ಮೆ ಹಿಂಡಿದಳು. “ನಾ ಇದ್ದೀನ್ರಿ, ಚಾಚಾ. ಬಾಗಲಾ ತೆಗೀರಿ, ಒಳಗಿಂದು ಉಳದದ.”

ಅವಳು ಹತ್ತಿ ಅಪ್ಪನ ಪಕ್ಕ ಮೊಣಕಾಲೂರಿದಳು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಚೆಂಡುಹೂವು. ಉಗುರಿನ ಸಂದಿಯಲ್ಲಿ ಇನ್ನೂ ಬೂದು ಬಣ್ಣವಿತ್ತು. ಗಾಜನ್ನು ಒಳಗಿನಿಂದ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಒರೆಸಿದಳು. ಅಂಗಳದವರಿಗೆ ಗೊಲ್ಲಾಳಪ್ಪ ಮತ್ತೆ ಕಾಣಿಸಿದ. ಹೆಂಗಸರ ಅಳು ಒಮ್ಮೆಲೇ ಎದ್ದಿತು.

“ಆತಲ್ಲ, ಇಳಿ,” ಎಂದ ಬಸವಂತರಾಯ.

“ಆಗಿಲ್ರಿ.”

ಅವನು ಗಾಜಿಗೆ ಮೂಗು ಹಚ್ಚಿ ನೋಡಿದ. “ಎಲ್ಲಿ ಅದ ಗೆರಿ? ಏನೂ ಇಲ್ಲ!”

“ಹೊರಗ ನಿಂತವರಿಗಿ ಕಾಣಂಗಿಲ್ರಿ ದೊಡ್ಡಪ್ಪ. ಒಳಗಿಂದದು. ಒರಸ್ಕೋತ ಬರ್ತೀನಿ.”

“ಸುಡುಗಾಡ ತನಕ?”

“ಹೌದ್ರಿ. ಅಪ್ಪಗ ಹೂಂ ಅಂದೀನಿ.”

ಬಸವಂತರಾಯ ಬಾಗಿಲ ಕಡೆ ಕೈ ಚಾಚಿದ. ಅದಕ್ಕೂ ಮುಂಚೆ, ಬೆಳಗಿನಿಂದ ಗೋಡೆಗೊರಗಿ ಕೂತಿದ್ದ ತಾಯಿ ಶಿವಕಾಂತಮ್ಮ ಎದ್ದು ಬಂದಳು.

“ಕರೀಮಣ್ಣ, ಬಾಗಲಾ ಹಾಕು. ಗಾಡಿ ಎಬ್ಬಸು.”

ಕರೀಮ್ ಬಾಗಿಲು ಹಾಕಿ ಗಾಡಿ ಎಬ್ಬಿಸಿದ.

ಅಗಸಿಯ ಹತ್ತಿರ ರೂಢಿಯಂತೆ ಹೆಂಗಸರು ನಿಂತರು. ಗಾಡಿ ನಿಲ್ಲಲಿಲ್ಲ. ಶಿವಕಾಂತಮ್ಮ ಒಂದು ಗಳಿಗೆ ನಿಂತು, ಸೆರಗು ಸೊಂಟಕ್ಕೆ ಬಿಗಿದು, ಅದರ ಹಿಂದೆ ನಡೆದಳು. ಮುಂದೆ ಕಲ್ಲುಹಾದಿ. ಗಾಡಿಯೊಳಗೆ, ಕುರ್ಚಿ ಅಲುಗದಂತೆ ದಾನೇಶ್ವರಿಯ ಒಂದು ಕೈ ಗೊಲ್ಲಾಳಪ್ಪನ ಹೆಗಲು ಹಿಡಿದಿತ್ತು. ಇನ್ನೊಂದು ಕೈ, ಗೆರೆಯೇ ಇಲ್ಲದ ಗಾಜನ್ನು ಒಳಗಿನಿಂದ ಅಡ್ಡ ಅಡ್ಡ ಒರೆಸುತ್ತಿತ್ತು.