ರೋಜಾಳ ಸಂಜೆಯ ಹಾಲು

ಹಸುವನ್ನು ಲಿಫ್ಟಿಗೆ ಹತ್ತಿಸಲು ಆಗುವುದಿಲ್ಲ ಎಂಬುದು ಆ ಅಪಾರ್ಟ್‌ಮೆಂಟಿನವರಿಗೆ ಹೊಳೆದದ್ದು ಗೃಹಪ್ರವೇಶದ ದಿನವೇ. ಕೊನೆಗೆ ಎಲ್ಲ ಮನೆಯವರೂ ಸೇರಿ ನೆಲದಡಿಯ ಪಾರ್ಕಿಂಗಿನಲ್ಲೇ ಒಂದು ಗೋಪೂಜೆ ಮಾಡಿ ಮುಗಿಸೋಣ ಎಂದರಂತೆ. ಹಸು ನಮ್ಮದು, ರೋಜಾ. ದೇವನಹಳ್ಳಿಗೆ ಏರ್‌ಪೋರ್ಟ್ ಬಂದ ಮೇಲೆ ಯಲಹಂಕದ ಪಕ್ಕದ ನಮ್ಮೂರು ಸಿಂಗಾಪುರದ ಸುತ್ತ ಮನೆಗಳು ಏಳುವುದಕ್ಕೆ ಲೆಕ್ಕವಿಲ್ಲ, ಎದ್ದ ಮನೆಯೊಳಗೆ ಮೊದಲು ಕಾಲಿಡುತ್ತಿದ್ದವಳು ನಮ್ಮ ರೋಜಾನೇ. ಕಪ್ಪು ಬಿಳಿ ಮೈಯ ಸೀಮೆಹಸು. ಕೊಟ್ಟಿಗೆಯಲ್ಲೇ ಹುಟ್ಟಿ, ಕೊಟ್ಟಿಗೆಯಲ್ಲೇ ಬೆಳೆದ ಸಾಧು ಪ್ರಾಣಿ.

ಹಗ್ಗ ಹಿಡಿದು ಹೋದವರು ನಮ್ಮ ಯಜಮಾನರು ಶಿವರಾಮ್. ನಾನು ಹೇಳಿಯೇ ಕಳಿಸಿದ್ದೆ: "ಒಂದು ಬಾಳೆಹಣ್ಣು, ಒಂದು ಚೂರು ಬೆಲ್ಲ, ಅಷ್ಟೇ ಕಣ್ರೀ. ಮಿಕ್ಕಿದ್ದೆಲ್ಲ ಬೇಡ ಅನ್ನಿ." ಆದರೆ ಬೇಡ ಅನ್ನುವುದು ಅವರ ಜಾತಕದಲ್ಲೇ ಇಲ್ಲ. ಒಂದು ಮನೆಯವರು ಅನ್ನದ ತಟ್ಟೆ ಹಿಡಿದರೆ ಇನ್ನೊಂದು ಮನೆಯವರು ಪಾಯಸ ಹಿಡಿದರು. ಹೋಳಿಗೆ ಬಂತು, ಕೇಸರಿಬಾತ್ ಬಂತು. ತಮ್ಮ ತಟ್ಟೆ ಮುಟ್ಟಲಿಲ್ಲವಲ್ಲ ಎಂದು ಯಾರಿಗೂ ಬೇಜಾರಾಗಬಾರದು ನೋಡಿ. ರೋಜಾ ಎಲ್ಲವನ್ನೂ ತಿಂದಳು. ಜನ ಫೋಟೊ ತೆಗೆದರು, ಇವರು ಕೈಕಟ್ಟಿ ನಿಂತು ನಕ್ಕರು.

ಮಾರನೆಯ ದಿನ ಅವಳು ಮೇವಿನ ಕಡೆ ತಿರುಗಿಯೂ ನೋಡಲಿಲ್ಲ. ಹಲ್ಲು ಕಡಿಯುತ್ತಾ ನಿಂತಿದ್ದಳು. ಸಗಣಿ ನೀರಾಗಿತ್ತು, ಹುದುಗು ಬಂದ ದೋಸೆ ಹಿಟ್ಟಿನ ಹುಳಿ ವಾಸನೆ. ಎಡಪಕ್ಕೆಗೆ ಕಿವಿಯಿಟ್ಟು ಕೇಳಿದೆ. ಚೆನ್ನಾಗಿರುವ ಹಸುವಿನ ಹೊಟ್ಟೆಯಲ್ಲಿ ದೂರದ ಗುಡುಗಿನ ಹಾಗೆ ಒಂದು ಸದ್ದು ಬಂದು ಹೋಗುತ್ತಿರುತ್ತದೆ. ಅಲ್ಲಿ ಏನೂ ಇರಲಿಲ್ಲ. ಕರುವಾಗಿದ್ದಾಗಿನಿಂದ ನನ್ನ ಕೈಯಲ್ಲೇ ಬೆಳೆದವಳು, ನಮ್ಮ ಮನೆ ನಡೆಯುತ್ತಿದ್ದದ್ದೂ ಅವಳ ಹಾಲಿನಿಂದಲೇ. ನನಗೆ ಭಯವಾಯಿತು. ಭಯವಾದರೆ ನಾನು ಅಳುವವಳಲ್ಲ, ಬೈಯುವವಳು. ಇವರನ್ನು ಬಾಯಿಗೆ ಬಂದಂತೆ ಬೈದೆ.

ಪಶುವೈದ್ಯರು ನಂದಕುಮಾರ್ ಯಲಹಂಕದಿಂದ ಬಂದರು. ನೋಡಿ, ಒತ್ತಿ, ಉಸ್ಸಪ್ಪಾ ಎಂದು ಕೂತರು.

"ಹಸು ಹುಲ್ಲನ್ನ ತಾನೇ ಅರಗಿಸ್ಕೊಳ್ಳಲ್ಲ ರಾಧಾಮಣಿಯವ್ರೇ. ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇರ್ತವೆ, ಅವು ಅರಗಿಸಿ ಕೊಡ್ತವೆ. ಅನ್ನ, ಬೆಲ್ಲ ಒಂದೇ ಸಲ ಬಿದ್ರೆ ಹೊಟ್ಟೆ ಹುಳಿಯಾಗಿ ಅವೆಲ್ಲ ಸತ್ತೋಗ್ತವೆ. ಈಗ ಇವಳ ಹೊಟ್ಟೆಯೊಳಗೆ ಯಾರೂ ಇಲ್ಲ."

ಸೂಜಿ ಹಾಕಿದರು, ನೀರಿನಲ್ಲಿ ಅಡುಗೆ ಸೋಡಾ ಕರಗಿಸಿ ಕುಡಿಸಿದರು. ಆಮೇಲೆ ಹೇಳಿದರು: "ಇದು ಸಾಲಲ್ಲ. ಬೇರೆ ಹಸುವಿನ ಬಾಯಿಂದ ಮೆಲುಕು ತಂದು ಕುಡಿಸಿ, ಆ ಜೀವಿಗಳು ಅದ್ರಲ್ಲಿ ಬರ್ತವೆ. ಬರೀ ಹುಲ್ಲು ತಿಂದ ಹಸು ಆಗ್ಬೇಕು. ಇವತ್ತೇ ಆಗ್ಬೇಕು."

ಬರೀ ಹುಲ್ಲು ತಿಂದ ಹಸುವನ್ನು ಬೆಂಗಳೂರಿನಲ್ಲಿ ಎಲ್ಲಿ ಹುಡುಕುವುದು? ನಮ್ಮ ಬೀದಿಯ ಹಸುಗಳಿಗೆ ಹೋಟೆಲಿನ ಮಿಕ್ಕಿದ ಇಡ್ಲಿಯೂ ಗೊತ್ತು, ಕೋಸಿನ ಸಿಪ್ಪೆಯೂ ಗೊತ್ತು. ಇದ್ದದ್ದು ಒಂದೇ ಒಂದು, ಮುನಿಕೆಂಪಮ್ಮನ ನಾಟಿ ಹಸು ಚಂದ್ರಿ. ಆ ಅಜ್ಜಿ ಖಾಲಿ ಸೈಟುಗಳಲ್ಲಿ ಕೂತು ಗರಿಕೆ ಕೊಯ್ದು ತಂದು, ಅದನ್ನು ಮಾತ್ರ ಹಾಕುತ್ತಿದ್ದಳು. ಚಂದ್ರಿಯನ್ನು ಹೊರಗೆ ಬಿಟ್ಟದ್ದನ್ನು ನಾನಂತೂ ನೋಡಿರಲಿಲ್ಲ. ಸಂಜೆಯಾದರೆ ಅದು ಕಟ್ಟಿದಲ್ಲಿಂದಲೇ ಕೂಗುತ್ತಿತ್ತು, ಬೀದಿಗೆಲ್ಲ ಕೇಳುತ್ತಿತ್ತು.

"ಬ್ಯಾರೆ ಯಾರ್ದೂ ಅಸ ಸಿಕ್ಕಾಕಿಲ್ವೇನವ್ವ?" ಎಂದಳು ಮುನಿಕೆಂಪಮ್ಮ. "ಇದ್ರುದು ಬ್ಯಾಡ. ಇದ್ರ ಒಟ್ಟೇಲಿ ಮೇವು ಒಂದೇ ಇಲ್ಲ."

ಮುದುಕಿ ಜಿಪುಣತನ ಮಾಡುತ್ತಿದ್ದಾಳೆ ಎಂದುಕೊಂಡೆ. ಅವಳ ಮಾತಿನ ಅರ್ಥ ಕೇಳುವ ವ್ಯವಧಾನ ನನಗೆಲ್ಲಿತ್ತು? "ಅಜ್ಜಿ, ನನ್ನ ಹಸು ಸಾಯ್ತಿದೆ" ಎಂದೆ. ಅವಳು ಎದ್ದಳು. ಚಂದ್ರಿ ಮೆಲುಕು ಹಾಕುತ್ತಿದ್ದಾಗ ದವಡೆಯ ಪಕ್ಕದಿಂದ ಕೈ ತೂರಿಸಿ, ಹಸಿರು ಉಂಡೆಯನ್ನು ತೆಗೆದು ನನ್ನ ಪಾತ್ರೆಗೆ ಹಾಕಿದಳು. ಮತ್ತೆ ಮತ್ತೆ ತೆಗೆದಳು. ಕೊಡುವಾಗ ಹಸುವಿನ ಕಿವಿಯಲ್ಲಿ ಏನೋ ಹೇಳಿದಳು. ಉಗುರುಬೆಚ್ಚಗಿನ ನೀರಿನಲ್ಲಿ ಅದನ್ನು ಕದಡಿ, ಬಿದಿರಿನ ಗೊಟ್ಟದಲ್ಲಿ ರೋಜಾಳ ಗಂಟಲಿಗೆ ಇಳಿಸಿದೆವು.

ಬೆಳಗಾಗುವಷ್ಟರಲ್ಲಿ ಗುಡುಗು ವಾಪಸು ಬಂದಿತ್ತು. ಕಿವಿಯಿಟ್ಟು ಕೇಳಿ, ಆಗ ಅತ್ತೆ.

ರೋಜಾ ಚೇತರಿಸಿಕೊಂಡಳು, ಆದರೆ ಬೂಸಾ ಹಿಂಡಿ ಬಿಟ್ಟಳು. ಹುಲ್ಲು ಮಾತ್ರ. ಹೋಗಲಿ, ಬುದ್ಧಿ ಬಂತು ಅಂದುಕೊಂಡೆ. ಆಮೇಲೆ ಒಂದು ಸಂಜೆ ಕೂಗಿದಳು. ಅದು ರೋಜಾಳ ಕೂಗಲ್ಲ. ಕೈಯಲ್ಲಿದ್ದ ಪೊರಕೆ ಹಿಡಿದುಕೊಂಡೇ ಓಡಿ ಬಂದೆ. ಹಗ್ಗ ಜಗ್ಗಿ ಗೂಟ ಕಿತ್ತುಕೊಂಡು ಹೊರಟೇಹೋಗಿದ್ದಳು. ದೀಪ ಹಚ್ಚುವ ಹೊತ್ತಿಗೆ ತಾನೇ ಬಂದಳು. ಕೆಚ್ಚಲು ಬರಿದಾಗಿತ್ತು.

ಇದು ದಿನವೂ ಆಯಿತು. ಬೆಳಗಿನ ಹಾಲು ಕೊಡುತ್ತಿದ್ದಳು, ಸಂಜೆಯದು ಇಲ್ಲ. ಯಾರೋ ಹಾಲು ಕರೆದುಕೊಳ್ಳುತ್ತಿದ್ದಾರೆ ಎಂದು ಇವರು ತೀರ್ಪು ಕೊಟ್ಟರು. ನಾನು ಅವಳ ಹಿಂದೆಯೇ ಹೋದೆ. ರೋಜಾ ನೆಟ್ಟಗೆ ನಡೆಯಲಿಲ್ಲ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ, ಕೆರೆ ಏರಿಯ ಮೇಲೆ ಹೋಗುವ ದನದಂತೆ ಹೆಜ್ಜೆ ನೋಡಿ ನೋಡಿ ಇಡುತ್ತಾ, ಸುತ್ತಿ ಬಳಸಿ ಅದೇ ಅಪಾರ್ಟ್‌ಮೆಂಟಿಗೆ ಬಂದಳು. ಪಾರ್ಕಿಂಗಿಗೆ ಇಳಿದಳು.

ಅಲ್ಲಿನ ಸೆಕ್ಯುರಿಟಿ ಜಿಯಾವುಲ್ಲಾ ಎಂಬವರು. ಗಡ್ಡ ನೆರೆತ ಮನುಷ್ಯ. "ನಾಚ್ಕೆ ಆಗಲ್ವಾ, ಮೂಕಪ್ರಾಣಿ ಹಾಲು ಕದಿಯೋಕೆ?" ಎಂದು ಶುರುಮಾಡಿದೆ. ಅವರು ಕುರ್ಚಿಯಿಂದ ಎದ್ದರು.

"ನಾನು ಮುಟ್ಟಿಲ್ಲಮ್ಮ. ನೀವೇ ಬಂದು ನೋಡಿ. ನಾನು ಒಬ್ನೇ ನೋಡಿ ನೋಡಿ ಸಾಕಾಗಿದೆ."

ಕೊನೆಯ ಕಂಬದ ಹತ್ತಿರ ರೋಜಾ ಹಿಂಗಾಲು ಅಗಲಿಸಿ ನಿಂತಿದ್ದಳು, ಕರುವಿಗೆ ಹಾಲು ಬಿಡುವಾಗ ಹಸುಗಳು ನಿಲ್ಲುತ್ತವಲ್ಲ ಹಾಗೆ. ಕತ್ತು ಎಡಕ್ಕೆ ತಿರುಗಿಸಿ, ಮೊಣಕಾಲೆತ್ತರದ ಗಾಳಿಯನ್ನು ನೆಕ್ಕುತ್ತಿದ್ದಳು. ಎಡಗಡೆಯ ಎರಡು ಮೊಲೆಗಳು ಒಂದಾದ ಮೇಲೊಂದು ನೀಳವಾಗುತ್ತಿದ್ದವು, ಬಿಡುತ್ತಿದ್ದವು. ಅವುಗಳ ತುದಿಯಲ್ಲಿ ನೊರೆ ಇತ್ತು. ಕೆಚ್ಚಲು ನನ್ನ ಕಣ್ಣೆದುರೇ ಇಳಿಯಿತು. ಸಿಮೆಂಟು ನೆಲದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಅವಳು ಹೊರಟ ಮೇಲೆ ಅಲ್ಲಿ ಉಳಿದದ್ದು ಹಸಿ ಕರಿಮಣ್ಣಿನ ಪುಟ್ಟ ಪುಟ್ಟ ಗೊರಸಿನ ಗುರುತು. ಜಿಯಾವುಲ್ಲಾ ಬಕೆಟ್ ತಂದು, ತಲೆಯೆತ್ತದೆ, ಅದನ್ನು ತೊಳೆದರು. ದಿನಾ ತೊಳೆಯುತ್ತಿದ್ದರಂತೆ. ಬೈದ ಬಾಯಲ್ಲೇ ತಪ್ಪಾಯಿತು ಎಂದೆ. ಕೈಮುಗಿದು ಬಂದೆ.

ಸೀದಾ ಹೋದದ್ದು ಮುನಿಕೆಂಪಮ್ಮನ ಮನೆಗೆ. ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದಳು, ನನ್ನನ್ನು ಕಾಯುತ್ತಿದ್ದವಳ ಹಾಗೆ.

"ಆ ಬಿಲ್ಡಿಂಗ್ ಇರೋ ಜಾಗ್ದಾಗೆ ನೀರಿನ ಕುಂಟೆ ಇತ್ತು ಕಣವ್ವ" ಎಂದಳು. "ಚಂದ್ರಿ ಅಲ್ಲೇ ಮೇಯ್ಕಂಡು ನೀರು ಕುಡೀತಿತ್ತು. ಕುಂಟೆ ಮುಚ್ಚಾಕೆ ಲಾರೀಲಿ ಮಣ್ಣು ತಂದು ಸುರಿದ್ರು. ಇದ್ರ ಎಳೇ ಕರ ಕೆಸರಿಗಿಳೀತು. ನಾವು ಕೂಗ್ಕಂಡು ಓಗೋ ಒತ್ಗೆ ಇನ್ನೊಂದು ಲೋಡು ಬಿದ್ದಿತ್ತು. ಇದು ದಡದಾಗೆ ನಿಂತು ಕೂಗ್ತು, ಕೆಚ್ಚಲು ತುಂಬಿ ನೆಲಕ್ಕೆ ಸೋರ್ತು. ಅವತ್ನಿಂದ ಕಟ್ಟಾಕಿದೀನಿ. ಬಿಟ್ರೆ ಅಲ್ಗೇ ಓಯ್ತದೆ."

"ಇದನ್ನ ಅವತ್ತೇ ಹೇಳೋಕಾಗ್ಲಿಲ್ವಾ ಅಜ್ಜಿ?"

"ಏಳ್ದೆ. ನೀನು ಕೇಳ್ಲಿಲ್ಲ." ಒಳಗೆ ಚಂದ್ರಿಯ ಕಡೆ ಕೈತೋರಿಸಿ ಅಂದಳು: "ಮೆಲುಕಿನ್ ಜತೆ ಇದ್ರ ಸಂಕ್ಟಾನೂ ನಿನ್ನ ಅಸಿಗೆ ಓಯ್ತು. ಬೇಕಂದ್ರೆ ವಾಪಸ್ ಕೊಡವ್ವ. ನಿನ್ನ ಅಸಿನ ಬಾಯಿಂದ ತಗ್ದು ಇದ್ರ ಬಾಯಿಗೆ ಆಕಾನ. ಗೊಟ್ಟ ತರ್ತೀನಿ."

ನಾನು ಒಳಗೆ ಇಣುಕಿದೆ. ಚಂದ್ರಿ ಕಾಲು ಮಡಿಚಿ, ಮೂತಿಯನ್ನು ನೆಲಕ್ಕಿಟ್ಟು ಮಲಗಿತ್ತು. ಸಂಜೆಯ ಹೊತ್ತು ಅದು ಕೂಗದೆ ಇದ್ದದ್ದನ್ನು ಅಂದೇ ನೋಡಿದ್ದು. ಇಷ್ಟು ವರ್ಷ ಅದು ಕೂಗಿದ್ದು ಸಾಕು ಅನಿಸಿತು. ಆ ಮುದಿ ಪ್ರಾಣಿಯ ಬಾಯಿಗೆ ಅದನ್ನು ಮತ್ತೆ ತುರುಕಲು ನನ್ನಿಂದಾಗಲಿಲ್ಲ. "ಬೇಡ ಬಿಡಿ" ಎಂದು ಬಂದೆ.

ಆದರೂ ನಾನೇನು ದೇವತೆಯಲ್ಲ. ಸರಪಳಿ ತರಿಸಿ ರೋಜಾಳನ್ನು ಕಟ್ಟಿಹಾಕಿದೆ. ಅವಳು ಕೂಗಿದಳು, ಆಮೇಲೆ ಕೂಗುವುದನ್ನೂ ಬಿಟ್ಟಳು, ಮೆಲುಕನ್ನೂ ಬಿಟ್ಟಳು. ಎಡಪಕ್ಕೆ ಮತ್ತೆ ಮೌನವಾಯಿತು. ನಂದಕುಮಾರ್ ಬಂದು ನೋಡಿ, ಮೇವೆಲ್ಲ ಸರಿಯಾಗಿದೆ, ಹೊಟ್ಟೆ ನಿಲ್ಲೋದಕ್ಕೆ ಕಾರಣವೇ ಇಲ್ಲವಲ್ಲ ಎಂದು ತಲೆ ಕೆರೆದುಕೊಂಡರು. ಅವರು ಹೋದ ಮೇಲೆ ಸರಪಳಿ ಬಿಚ್ಚಿದೆ. ಸಂಜೆಯ ಹಾಲು ಹೋದರೆ ಹೋಗಲಿ, ನನ್ನ ರೋಜಾ ಬದುಕಿದರೆ ಸಾಕಿತ್ತು. ಅವಳು ಹೋದಳು. ಬರುವಾಗ ಮೆಲುಕು ಹಾಕುತ್ತಾ ಬಂದಳು.

ರೋಜಾ ಆಗ ಗಬ್ಬವಾಗಿದ್ದಳು. ತಿಂಗಳುಗಳು ಕಳೆದು ಹಾಲು ಬತ್ತಿದ ಮೇಲೂ ಪಾರ್ಕಿಂಗಿಗೆ ಹೋಗುತ್ತಿದ್ದಳು, ಸುಮ್ಮನೆ ನೆಕ್ಕಿ ಬರುತ್ತಿದ್ದಳು ಎಂದು ಜಿಯಾವುಲ್ಲಾ ಹೇಳುತ್ತಿದ್ದರು. ಈಯುವ ದಿನ ಹತ್ತಿರವಾದಂತೆ ನನಗೆ ಒಂದೇ ಆಸೆ. ತನ್ನ ಹೊಟ್ಟೆಯ ಕರು ಹುಟ್ಟಿದರೆ ಆ ಕುಂಟೆಯ ಕರುವನ್ನು ಮರೆಯುತ್ತಾಳೆ.

ಹೆಣ್ಣುಗರು ಹುಟ್ಟಿತು, ಹಣೆಯ ಮೇಲೆ ಚುಕ್ಕೆ. ಅವತ್ತು ಸಂಜೆ ರೋಜಾ ಕೂಗಲಿಲ್ಲ, ಹಗ್ಗ ಜಗ್ಗಲಿಲ್ಲ, ಎಲ್ಲಿಗೂ ಹೋಗಲಿಲ್ಲ. ಮಾರನೆಯ ಸಂಜೆಯೂ ಇಲ್ಲ. "ಮುಗೀತು ಬಿಡೇ" ಎಂದರು ಇವರು, ತಾವೇ ಮುಗಿಸಿದವರ ಹಾಗೆ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ನಾನೂ ನಕ್ಕೆ. ಚೊಂಬು ತೊಳೆದುಕೊಂಡು ಕೊಟ್ಟಿಗೆಗೆ ಹೋದೆ.

ಕರು ಬಲಗಡೆ ನಿಂತು ಕುಡಿಯುತ್ತಿತ್ತು. ಎಡಗಡೆ ಜಾಗವಿತ್ತು. ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೆಚ್ಚಲಿಗೆ ಕೈ ಹಾಕಿದೆ. ಎಡಗಡೆಯ ಎರಡೂ ಮೊಲೆಗಳು ಆಗಲೇ ಒದ್ದೆಯಾಗಿದ್ದವು. ಕರು ಕುಡಿಯುವುದನ್ನು ನಿಲ್ಲಿಸಿ, ತಾಯಿಯ ಹೊಟ್ಟೆಯ ಕೆಳಗಿನಿಂದ ಬಗ್ಗಿ ನೋಡಿತು. ನನ್ನನ್ನಲ್ಲ, ನನ್ನ ಮಗ್ಗುಲನ್ನು. ರೋಜಾ ಕತ್ತು ತಿರುಗಿಸಿ ನನ್ನ ಮೊಣಕಾಲಿನ ಪಕ್ಕ, ಏನೂ ಇಲ್ಲದ ಕಡೆ, ನಿಧಾನವಾಗಿ ನೆಕ್ಕತೊಡಗಿದಳು. ಆ ಕಡೆಯ ನನ್ನ ಸೀರೆ ಕೆಸರಾಗಿತ್ತು. ಏನೋ ತಣ್ಣಗಿನದು ನನ್ನ ಕೈಯನ್ನು ಮೂತಿಯಿಂದ ದಬ್ಬಿತು, ಜೋರಾಗಿ ಅಲ್ಲ, ಹಸಿದ ಎಳೆಗರು ದಬ್ಬುವಷ್ಟು.

ಚೀರಬೇಕಿತ್ತು. ಚೀರಿದರೆ ಅದು ಬೆದರೀತು ಅನಿಸಿತು. ಚೊಂಬು ಎತ್ತಿಕೊಂಡು ಬಲಗಡೆಗೆ ಬಂದು, ನಮ್ಮ ಕರುವಿನ ಪಕ್ಕ ಕೂತೆ.