ಎತ್ತಿಕೊಳ್ಳಲು ಹೆದರಿದವಳು

ಸಮನ್ವಿತಾಗೆ ಹೈಸ್ಕೂಲಿನಿಂದಲೂ ಫಿಟ್ಸ್ ಇತ್ತು. ಮದುವೆಗೆ ಮುಂಚೆಯೇ ಅದನ್ನು ವಾಗೀಶನಿಗೂ ಅವನ ತಾಯಿ ಅಲಮೇಲು ಅವರಿಗೂ ಹೇಳಿದ್ದಳು. ಮಾತ್ರೆ ತಪ್ಪಿಸದಿದ್ದರೆ ತೊಂದರೆಯಿರಲಿಲ್ಲ. ಆದರೆ ಹೆರಿಗೆಯಾದ ಮೇಲೆ ನಿದ್ದೆಗೆಟ್ಟು, ಒಂದು ಬೆಳಿಗ್ಗೆ ಸರಸ್ವತಿಪುರಂ ಮನೆಯ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದಳು. ಎಚ್ಚರವಾದಾಗ ನೆಲದ ತುಂಬ ಬಿಸಿ ಹಾಲು. ಕೈಯಲ್ಲಿದ್ದ ಪಾತ್ರೆ ಬಾಗಿಲವರೆಗೆ ಉರುಳಿತ್ತು. ಅದೇ ಕೈಯಲ್ಲಿ ಸ್ವಲ್ಪ ಹೊತ್ತಿಗೆ ಮುಂಚೆ ಮಗಳು ತನ್ಮಯಿ ಇದ್ದಳು.

ಅವತ್ತಿನಿಂದ ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಳು. ನೆಲದಲ್ಲಿ ಗೋಡೆಗೊರಗಿ ಹಾಲು ಕುಡಿಸಿದ ಕೂಡಲೇ ಅತ್ತೆಯನ್ನು ಕರೆಯುವಳು. ಕೇಳಿದರೆ ಸೊಂಟ ನೋವು ಅನ್ನುವಳು. ಅಲಮೇಲು ಅವಳ ಮುಖ ನೋಡಿ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ಮಾತ್ರೆ ನುಂಗಿದ ಮೇಲೂ, ನುಂಗಿದೆನೋ ಇಲ್ಲವೋ ಎಂದು ಸಮನ್ವಿತಾ ಪದೇ ಪದೇ ಎದ್ದು ಮಾತ್ರೆ ಎಣಿಸಿ ನೋಡುವುದು ಬೇರೆ.

ಒಂದು ಮಧ್ಯಾಹ್ನ ವಾಗೀಶ ಆಫೀಸಿಗೆ ಹೋಗಿದ್ದ, ಅಲಮೇಲು ತರಕಾರಿಗೆ. ಮಂಚದ ಮೇಲೆ ಮಲಗಿದ್ದ ಮಗು ಮಗುಚಿಕೊಂಡಿತು. ಅಡ್ಡ ಇಟ್ಟಿದ್ದ ದಿಂಬು ಜಾರಿ ಬಿತ್ತು. ಮಗು ಅಂಚಿಗೆ ಬಂತು.

ಸಮನ್ವಿತಾ ಓಡಿಹೋಗಿ ಎತ್ತಿಕೊಂಡಳು. ಎತ್ತಿದ್ದೇ ತಡ, ಬಾಯಲ್ಲಿ ತಾಮ್ರದ ರುಚಿ. ಫಿಟ್ಸಿಗೆ ಮುಂಚೆ ಬರುತ್ತಿದ್ದ ರುಚಿ. ಅಥವಾ ಬರೀ ಹೆದರಿಕೆಯೋ? ಗೊತ್ತಾಗಲಿಲ್ಲ. ಮಂಡಿಯೂರಿ ಮಗುವನ್ನು ಚಾಪೆಯ ಮೇಲೆ ಮಲಗಿಸಿ, ತೆವಳುತ್ತಾ ಬಾಗಿಲವರೆಗೆ ಹಿಂದೆ ಸರಿದಳು. ಕೈಕಾಲು ಬಡಿದುಕೊಂಡರೂ ಮಗುವಿಗೆ ತಾಕಬಾರದು. ತನ್ಮಯಿ ಕಿರುಚಿ ಅಳುತ್ತಿದ್ದಳು. ಇವಳು ಹೊಸಿಲು ಹಿಡಿದು ಕೂತಳು. ಈಗ ಬರುತ್ತೆ, ಈಗ ಬರುತ್ತೆ. ಬರಲಿಲ್ಲ. ಆದರೂ ಹತ್ತಿರ ಹೋಗಲಾಗಲಿಲ್ಲ.

ಅಲಮೇಲು ಬಂದವರೇ ಚೀಲ ಬಿಟ್ಟು ಮಗುವನ್ನು ಎತ್ತಿಕೊಂಡರು.

"ಏನಮ್ಮ ಇದು? ಹೆತ್ತವಳು ಹೀಗೆ ನೋಡ್ತಾ ಕೂತಿರ್ತಾಳಾ?"

"ಎತ್ಕೊಂಡಾಗ ಬಂದ್ಬಿಟ್ರೆ ಏನಮ್ಮ ಮಾಡ್ಲಿ?" ಸಮನ್ವಿತಾ ಹಿಡಿದ ಹೊಸಿಲು ಬಿಡಲಿಲ್ಲ. "ನಾನು ಬಿದ್ರೆ ಬೀಳ್ತೀನಿ. ಅವಳ ಮೇಲೆ ಬಿದ್ದುಬಿಟ್ರೆ? ಎಚ್ಚರ ಆದಾಗ ಅವಳು..."

ಅಲಮೇಲು ಮಗುವಿನೊಂದಿಗೆ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ಸೊಂಟ ನೋವು ಅಂದ್ಯಲ್ಲೇ. ಮಗು ಮೇಲೆ ಆಸೆ ಇಲ್ಲ ಅಂದ್ಕೊಂಡಿದ್ದೆ ನಾನು. ತಪ್ಪಾಯ್ತು ಕಣಮ್ಮ." ಮಗುವನ್ನು ಸೊಸೆಯ ಮಡಿಲಿಗೆ ಹಾಕಿ, ಕೆಳಗೆ ತಮ್ಮ ಕೈಯನ್ನೂ ಕೊಟ್ಟರು. "ನಾನು ಹಿಡ್ಕೊಂಡಿದೀನಿ. ನೀನೂ ಹಿಡ್ಕೊ."

ವಾಗೀಶ ಆ ವಾರವೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಮಾತ್ರೆಯ ಪ್ರಮಾಣ ಬದಲಿಸಿದರು. "ಈ ಭಯಕ್ಕೂ ಚಿಕಿತ್ಸೆ ಬೇಕಮ್ಮ, ಅದೂ ಕಾಯಿಲೇನೇ" ಎಂದು ಕೌನ್ಸೆಲರ್ ಒಬ್ಬರ ಬಳಿ ಕಳಿಸಿದರು. ಮನೆಯವರು ಮಂಚ ತೆಗೆದು ನೆಲಕ್ಕೆ ಹಾಸಿಗೆ ಹಾಕಿದರು. ಹಗಲಲ್ಲಿ ಮಗುವನ್ನು ನೋಡಿಕೊಂಡು ಅಲಮೇಲು ಸೊಸೆಗೆ ನಿದ್ದೆ ಮಾಡಿಸುತ್ತಾರೆ.

ಆಮೇಲೂ ಒಂದು ಸಲ ಫಿಟ್ಸ್ ಬಂತು. ಮಗು ಹಾಸಿಗೆಯ ಮೇಲಿತ್ತು, ಏನೂ ಆಗಲಿಲ್ಲ. ಈಗ ಸಮನ್ವಿತಾ ಕೂತಲ್ಲೇ ಮಗಳನ್ನು ಎದೆಗೆ ಒತ್ತಿಕೊಳ್ಳುತ್ತಾಳೆ. ಎತ್ತಿಕೊಂಡು ಎದ್ದು ನಿಲ್ಲುವ ಧೈರ್ಯ ಇನ್ನೂ ಬಂದಿಲ್ಲ.